ಮಗುವಿಗೆ ಡಾಕ್ಟ್ರು, ಮನೆಮಂದಿಗೆಲ್ಲ ಹೋಂವರ್ಕ್

ಬೆಂಗಳೂರು, ತುಮಕೂರು ಕಡೆ ಬೆಳೆದವರಿಗೆ ‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ನೋಡು’ ಅನ್ನೋ ಮಾತು ಹೊಸದಲ್ಲ. ಹುಬ್ಬಳ್ಳಿ ಕಡೆಯ ನನ್ನ ರೂಂಮೇಟ್ ಪ್ರಕಾರ ಅವರೂರಲ್ಲಿ ಅದೇ ಜಾಗಕ್ಕೆ ‘ಧಾರವಾಡ’ ಬರುತ್ತೆ. ರಾಜ್ಯದ ಎರಡು ದೊಡ್ಡ ಆಸ್ಪತ್ರೆಗಳನ್ನು ನಾವು ಕಷ್ಟ ಬಂದಾಗ ನೆನೆದಿದ್ದಕ್ಕಿಂತ ಗೆಳೆಯರ ಕಾಲೆಳೆಯೋಕೆ ನೆನೆದಿದ್ದೇ ಹೆಚ್ಚು.

ಹೋದ ವರ್ಷ ಜುಲೈನಲ್ಲಿ ಅಕ್ಕ ತುಮಕೂರಿಂದ ಫೋನ್ ಮಾಡಿ, ‘ಪುಟ್ಟನ್ನ ಮಕ್ಕಳ ಮನೋವೈದ್ಯರಿಗೆ ತೋರಿಸಿ ಅಂತ ಇಲ್ಲಿನ ಡಾಕ್ಟ್ರು ಚೀಟಿ ಬರ್ಕೊಟ್ಟಿದ್ದಾರೆ ಕಣೋ’ ಅಂದಳು. ದನಿ ಪಿಸುಮಾತಿಗೆ ಇಳಿದಿತ್ತು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳಿಸಬಾರದು ಅಂತ.

ಪುಟ್ಟ ನನ್ನ ಸೋದರಳಿಯ. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಇದನ್ನ ಬರೀಬಹುದಾ ಅಂತ ಅಕ್ಕ, ಭಾವ, ಪುಟ್ಟ ಮೂವರನ್ನೂ ಕೇಳಿದ್ದೀನಿ. ಹೆಸರು ಹಾಕಬಾರದು ಅನ್ನೋದು ಅವನ ಒಂದೇ ಷರತ್ತು.

ಅವನಿಗೆ ಆಗ್ತಿದ್ದದ್ದು ಇಷ್ಟು. ಬೆಳಗ್ಗೆ ಏಳಕ್ಕೆ ಹೊಟ್ಟೆ ನೋವು ಶುರು. ಯೂನಿಫಾರ್ಮ್ ಹಾಕೋ ಹೊತ್ತಿಗೆ ವಾಂತಿ. ವ್ಯಾನು ಹೋದ ಮೇಲೆ ಹತ್ತು ಗಂಟೆಗೆಲ್ಲ ಆರಾಮ. ಭಾನುವಾರ ನೋವಿಲ್ಲ. ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಆಗಿತ್ತು, ಎಲ್ಲವೂ ನಾರ್ಮಲ್. ಜೂನ್‌ನಿಂದ ಅಲ್ಲಿಯವರೆಗೆ ಅವನು ಸ್ಕೂಲಿಗೆ ಹೋದದ್ದು ಹನ್ನೊಂದು ದಿನ.

ರಿಪೋರ್ಟ್ ನಾರ್ಮಲ್ ಬಂದಷ್ಟೂ ಮನೆಯ ವಾತಾವರಣ ಕೆಟ್ಟಿತು. ಕ್ಲಾಸ್ ಟೀಚರ್ ‘ನಾಟಕ’ ಅಂದರು. ಭಾವ ‘ನಿನ್ನ ಮುದ್ದಿನಿಂದಲೇ ಹಾಳಾಗಿದ್ದು’ ಅಂತ ಅಕ್ಕನಿಗೆ ಅಂದರು. ಅಕ್ಕ ‘ನಿಮ್ಮ ಬೈಗುಳಕ್ಕೇ ಹೆದರಿದ್ದು’ ಅಂದಳು. ಅಮ್ಮ ಯಾರದೋ ಕಣ್ಣು ಬಿದ್ದಿದೆ ಅಂತ ತಾಯತ ತಂದರು. ಕೊನೆಗೆ ಭಾವ ಒಂದು ವಸತಿಶಾಲೆಯ ಅರ್ಜಿ ತಂದು ಟಿ.ವಿ. ಸ್ಟ್ಯಾಂಡ್ ಮೇಲಿಟ್ಟರು. ‘ಹಾಸ್ಟೆಲ್‌ಗೆ ಹಾಕಿದ್ರೆ ಎಲ್ಲ ಸರಿ ಹೋಗುತ್ತೆ’ ಅನ್ನೋ ಮಾತು ನೀವೂ ಕೇಳಿರ್ತೀರಿ. ಇನ್ನೊಂದು ಕಡೆ ಅಕ್ಕ ಹತ್ತು ವರ್ಷದ ಕೆಲಸಕ್ಕೆ ರಾಜೀನಾಮೆ ಪತ್ರ ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಟ್ಟುಕೊಂಡಿದ್ದಳು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಮನೆಯ ದೊಡ್ಡವರೆಲ್ಲ ಬನ್ನಿ ಅಂತ ರಿಸೆಪ್ಷನ್‌ನವರು ಮೊದಲೇ ಹೇಳಿದ್ದರು. ಹಾಗಾಗಿ ಅಕ್ಕ, ಭಾವ, ಅಮ್ಮ, ನಾನು ಎಲ್ಲರೂ ಹೋದೆವು.

ಮನೋವೈದ್ಯರು ಅಂದರೆ ಎರಡು ನಿಮಿಷ ಮಾತಾಡಿ ನಿದ್ದೆ ಮಾತ್ರೆ ಬರೆದುಕೊಡೋರು ಅನ್ನೋ ಚಿತ್ರ ಸಿನಿಮಾಗಳಿಂದ ನಮ್ಮ ತಲೆಯಲ್ಲಿ ಕೂತಿದೆ. ಮೊದಲ ಭೇಟಿ ಒಂದೂವರೆ ಗಂಟೆ ಹಿಡಿಯಿತು. ಡಾಕ್ಟ್ರು ಮೇಡಂ ಕೇಳಿದ ಪ್ರಶ್ನೆಗಳು ಮಗುವಿನಿಂದ ಶುರುವಾಗಿ ಮನೆ ತುಂಬ ಓಡಾಡಿದವು. ಹೆರಿಗೆ ಹೇಗಾಯ್ತು, ಮಾತು ಯಾವಾಗ ಬಂತು, ಜ್ವರ ಬಂದಾಗ ಫಿಟ್ಸ್ ಬಂದಿತ್ತಾ, ನಿದ್ದೆ ಎಷ್ಟು ಹೊತ್ತು, ಯಾರ ಪಕ್ಕ ಮಲಗ್ತಾನೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯಾ, ಯಾರಾದರೂ ಮಾನಸಿಕ ಕಾಯಿಲೆಗೆ ಔಷಧಿ ತಗೊಂಡಿದ್ದಾರಾ, ಗಂಡ ಹೆಂಡತಿ ಜಗಳ ಮಗುವಿನ ಮುಂದೆ ಆಗುತ್ತಾ. ಕಳೆದ ಎರಡು ವರ್ಷದ ಸ್ಕೂಲ್ ಡೈರಿ, ನೋಟ್‌ಬುಕ್ ತರಿಸಿ ನೋಡಿದರು.

ಇಷ್ಟೆಲ್ಲ ಯಾಕೆ ಬೇಕು ಅಂತ ನಿಮಗೂ ಅನ್ನಿಸಬಹುದು. ಮನೋವೈದ್ಯರು ಮೊದಲು ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮೂರು ವರ್ಷ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿದವರು. ಮಕ್ಕಳ ವಿಭಾಗಕ್ಕೇ ಅಂತ ನಿಮ್ಹಾನ್ಸ್‌ನಲ್ಲಿ ಅದರ ಮೇಲೆ ಡಿ.ಎಂ. ಕೋರ್ಸೂ ಇದೆ. ದೇಹದಿಂದ ಬಂದ ತೊಂದರೆ ಯಾವುದು, ಮನಸ್ಸಿನಿಂದ ಬಂದದ್ದು ಯಾವುದು ಅಂತ ಬೇರ್ಪಡಿಸೋದು ಅವರ ಮೊದಲ ಕೆಲಸ. ಕ್ಲಾಸಿನಲ್ಲಿ ಆಗಾಗ ಶೂನ್ಯ ನೋಡುತ್ತಾ ಕೂರೋ ಮಗುವನ್ನು ನಾವು ‘ಗಮನ ಇಲ್ಲ’ ಅಂತೀವಿ. ಅದು ಕೆಲವು ಸೆಕೆಂಡುಗಳ ಒಂದು ಬಗೆಯ ಮೂರ್ಛೆರೋಗವೂ ಆಗಿರಬಹುದು. ಓದಲ್ಲ ಅಂತ ಬೈಸಿಕೊಳ್ಳೋ ಮಗುವಿಗೆ ಅಕ್ಷರಗಳನ್ನು ಗುರುತಿಸೋದೇ ಕಷ್ಟ ಇರಬಹುದು. ಮಂಕಾಗಿರೋ ಮಗುವಿಗೆ ರಕ್ತಹೀನತೆ ಇರಬಹುದು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ.

ಅವರು ಒಬ್ಬರೇ ಎಲ್ಲ ಮಾಡೋದೂ ಇಲ್ಲ. ಬುದ್ಧಿಮತ್ತೆ, ಕಲಿಕೆಯ ಪರೀಕ್ಷೆ ಮತ್ತು ಥೆರಪಿಗೆ ಕ್ಲಿನಿಕಲ್ ಸೈಕಾಲಜಿಸ್ಟ್, ಮನೆ ಮತ್ತು ಶಾಲೆಯ ಜೊತೆ ಮಾತಾಡೋಕೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಮಾತು ತಡವಾದ ಮಕ್ಕಳಿಗೆ ಸ್ಪೀಚ್ ಥೆರಪಿಸ್ಟ್ ಹೀಗೆ ಒಂದು ತಂಡ ಇರುತ್ತೆ. ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ, ಸೈಕಿಯಾಟ್ರಿಸ್ಟ್ ಬರೆಯಬಹುದು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅಪಾಯಿಂಟ್‌ಮೆಂಟ್ ಮಾಡುವಾಗ ಅರ್ಧ ಗೊಂದಲ ಕಡಿಮೆ.

ಆಮೇಲೆ ನಮ್ಮನ್ನೆಲ್ಲ ಹೊರಗೆ ಕೂರಿಸಿ ಪುಟ್ಟನ ಜೊತೆ ಒಬ್ಬರೇ ಮಾತಾಡಿದರು. ‘ನೀನು ಹೇಳಿದ್ದನ್ನ ನಿನ್ನ ಕೇಳದೆ ಯಾರಿಗೂ ಹೇಳಲ್ಲ. ನಿನಗೆ ಅಪಾಯ ಆಗೋ ಅಂಥದ್ದಾದ್ರೆ ಮಾತ್ರ ಹೇಳಬೇಕಾಗುತ್ತೆ’ ಅಂತ ಮೊದಲೇ ತಿಳಿಸಿದ್ದರಂತೆ. ಅವನನ್ನ ‘ಯಾಕೆ ಸ್ಕೂಲಿಗೆ ಹೋಗಲ್ಲ?’ ಅಂತ ಕೇಳಲೇ ಇಲ್ಲ. ಆ ಪ್ರಶ್ನೆಯನ್ನ ಅವನು ಎರಡು ತಿಂಗಳಿಂದ ದಿನಾ ಕೇಳಿಸಿಕೊಂಡಿದ್ದ. ‘ಕ್ಲಾಸಲ್ಲಿ ಕೂತಿರುವಾಗ ತಲೇಲಿ ಏನು ಓಡ್ತಿರುತ್ತೆ?’ ಅಂತ ಕೇಳಿದರು.

‘ಮನೆಗೆ ಬೀಗ ಹಾಕಿರುತ್ತೇನೋ ಅಂತ.’

ಹಿಂದಿನ ದೀಪಾವಳಿ ಮುಗಿದ ವಾರ, ಒಂದು ಮಧ್ಯಾಹ್ನ ಪುಟ್ಟ ವ್ಯಾನಿನಿಂದ ಇಳಿದಾಗ ಮನೆಗೆ ಬೀಗ ಹಾಕಿತ್ತು. ಭಾವನ ತಾಯಿ ಕುಸಿದು ಬಿದ್ದಿದ್ದರು, ಎಲ್ಲರೂ ಆಸ್ಪತ್ರೆಗೆ ಓಡಿದ್ದರು. ಪಕ್ಕದ ಮನೆಯವರು ಅವನನ್ನ ಕರೆದುಕೊಂಡು ಹೋಗಿ ಊಟ ಹಾಕಿ ಮಲಗಿಸಿದರು. ಮೂರನೇ ದಿನ ಅಜ್ಜಿ ತೀರಿಕೊಂಡರು. ಮಗು ಹೆದರಬಾರದು ಅಂತ ಅವನನ್ನ ಮಣ್ಣಿಗೂ ಕರೆದುಕೊಂಡು ಹೋಗಲಿಲ್ಲ. ‘ಅಜ್ಜಿ ದೇವರ ಹತ್ರ ಹೋಗಿದ್ದಾರೆ’ ಅಂತ ಹೇಳಿ ಆ ವಿಷಯ ಮುಗಿಸಲಾಗಿತ್ತು. ದೊಡ್ಡವರ ಪಾಲಿಗೆ ಮುಗಿದಿತ್ತು. ಅವನ ಲೆಕ್ಕದಲ್ಲಿ ಮಾತ್ರ, ತಾನು ಸ್ಕೂಲಿನಲ್ಲಿದ್ದಾಗ ಮನೆಯವರು ಇಲ್ಲದೇ ಹೋಗ್ತಾರೆ. ಮನೇಲಿ ಇದ್ದರೆ ಹೋಗಲ್ಲ. ಹೊರಗೆ ನೋಡೋಕೆ ಅದು ಹಟ, ಅವನ ಪಾಲಿಗೆ ಕಾವಲು.

ಮೇಡಂ ಅವನ ಒಪ್ಪಿಗೆ ಪಡೆದು ಇಷ್ಟನ್ನ ನಮಗೆ ಹೇಳಿದಾಗ ಭಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳೋಕೆ ಸ್ವಲ್ಪ ಹೊತ್ತು ಹಿಡಿಯಿತು.

ಇದಕ್ಕೆ ಸೆಪರೇಷನ್ ಆ್ಯಂಕ್ಸೈಟಿ, ಅಂದರೆ ಅಗಲಿಕೆಯ ಆತಂಕ ಅಂತ ಹೆಸರು. ಮೇಡಂ ಎರಡು ವಿಷಯ ಬಿಡಿಸಿ ಹೇಳಿದರು. ಒಂದು, ಹೊಟ್ಟೆ ನೋವು ನಿಜ. ಆತಂಕ ಆದಾಗ ಅಡ್ರಿನಲಿನ್ ಏರುತ್ತೆ, ಕರುಳಿನ ಚಲನೆ ಬದಲಾಗುತ್ತೆ, ಹೊಟ್ಟೆ ಹಿಂಡುತ್ತೆ. ಇಂಟರ್‌ವ್ಯೂ ದಿನ ಬೆಳಗ್ಗೆ ಮೂರು ಸಲ ಬಾತ್‌ರೂಮಿಗೆ ಓಡಿದವರಿಗೆಲ್ಲ ಇದು ಗೊತ್ತು. ಎರಡು, ಸ್ಕೂಲಿಗೆ ಚಕ್ಕರ್ ಹೊಡೆಯೋ ಮಗು ಮನೆಯವರಿಗೆ ಗೊತ್ತಾಗದ ಹಾಗೆ ಹೊರಗೆ ಸುತ್ತುತ್ತೆ, ಈ ಮಗು ಮನೆಯವರ ಕಣ್ಣೆದುರೇ ಇರೋಕೆ ನೋಡುತ್ತೆ. ಎರಡಕ್ಕೂ ಮದ್ದು ಒಂದೇ ಅಲ್ಲ. ಹಾಸ್ಟೆಲ್ ಅರ್ಜಿ ಅವತ್ತೇ ಸಂಜೆ ಟಿ.ವಿ. ಸ್ಟ್ಯಾಂಡ್‌ನಿಂದ ಮಾಯವಾಯಿತು. ಅದನ್ನ ತುಂಬಿ ಕಳಿಸಿದ್ದರೆ ಈ ಮಗುವಿಗೆ ಏನಾಗ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸಿಸ್ಟಂ ಬಿದ್ದಾಗ ಪೋಸ್ಟ್‌ಮಾರ್ಟಂ ಅಂತ ಒಂದು ಮೀಟಿಂಗ್ ಇರುತ್ತೆ. ಅಲರ್ಟ್ ಬಂದ ಸರ್ವರ್ ಒಂದು, ತೊಂದರೆ ಇರೋ ಜಾಗ ಇನ್ನೊಂದು ಅನ್ನೋದು ಅಲ್ಲಿ ಮಾಮೂಲು. ಆ ಮೀಟಿಂಗಿನ ಮೊದಲ ನಿಯಮ, ಯಾರನ್ನೂ ದೂರೋ ಹಾಗಿಲ್ಲ. ದೂರಿದರೆ ಜನ ಮುಚ್ಚಿಡೋಕೆ ಶುರು ಮಾಡ್ತಾರೆ, ಕಾರಣ ಸಿಗಲ್ಲ. ಆ ಡಾಕ್ಟರ ರೂಮಿನಲ್ಲಿ ನಡೆದದ್ದೂ ಅದೇ. ‘ಯಾರ ತಪ್ಪು’ ಅನ್ನೋ ಪ್ರಶ್ನೆಯನ್ನ ಅವರು ಮೇಜಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟು, ‘ಯಾರ ಕೆಲಸ ಏನು’ ಅನ್ನೋದನ್ನ ಮುಂದಿಟ್ಟರು.

ಪಟ್ಟಿ ಹೀಗಿತ್ತು. ಬೆಳಗ್ಗೆ ಸ್ಕೂಲಿಗೆ ಬಿಡೋದು ಭಾವ, ಅಕ್ಕ ಅಲ್ಲ. ಟಾಟಾ ಒಂದೇ ಸಲ, ಗೇಟಿನ ಹತ್ರ ಮತ್ತೆ ಮತ್ತೆ ತಿರುಗಿ ನೋಡೋದು ಬೇಡ. ಮೊದಲ ವಾರ ಯೂನಿಫಾರ್ಮ್ ಹಾಕಿ ಗೇಟಿನ ತನಕ ಹೋಗಿ ಹತ್ತು ನಿಮಿಷ ನಿಂತು ಬರೋದು. ಎರಡನೇ ವಾರ ಮೊದಲ ಎರಡು ಪೀರಿಯಡ್. ಆಮೇಲೆ ಊಟದ ತನಕ. ಮನೇಲಿ ಉಳಿದ ಹೊತ್ತಿನಲ್ಲಿ ಟಿ.ವಿ., ಮೊಬೈಲ್ ಇಲ್ಲ, ಬೈಗುಳವೂ ಇಲ್ಲ. ನೋವು ಅಂತ ಒಂದು ದಿನ ಉಳಿದು, ಹತ್ತು ಗಂಟೆಗೆ ನೋವು ಹೋದರೆ, ಮನೆಯೇ ಔಷಧಿ ಅಂತ ಮೆದುಳು ಕಲಿಯುತ್ತೆ. ಆ ಪಾಠವನ್ನ ನಿಧಾನಕ್ಕೆ ಅಳಿಸಬೇಕು. ಕರೆದುಕೊಂಡು ಬರೋ ಟೈಮು 3.40 ಅಂದರೆ 3.40, ಐದು ನಿಮಿಷ ತಡ ಆದರೂ ಅವನ ಭಯಕ್ಕೆ ಸಾಕ್ಷಿ ಸಿಕ್ಕ ಹಾಗೆ.

ಅಕ್ಕ ಭಾವ ಇಬ್ಬರೂ ಕೂತು ಅಜ್ಜಿಗೆ ಏನಾಯ್ತು ಅಂತ ಅವನಿಗೆ ನಿಜ ಹೇಳೋದು. ಅಮ್ಮನ ಪಾಲಿಗೆ ಬಂದದ್ದು, ‘ಹೀಗೇ ಮಾಡಿದ್ರೆ ಅಮ್ಮ ಬಿಟ್ಟು ಹೋಗ್ತಾಳೆ ನೋಡು’ ಅನ್ನೋ ಥರದ ಮಾತು ಆಡದೇ ಇರೋದು. ತಾಯತದ ವಿಷಯ ಎತ್ತಿದಾಗ ಮೇಡಂ ನಗ್ತಾ, ‘ಕಟ್ಟಿರಲಿ ಅಮ್ಮಾ, ಆದ್ರೆ ಅದನ್ನ ಕಟ್ಕೊಂಡೇ ಸ್ಕೂಲಿಗೆ ಹೋಗಬೇಕು’ ಅಂದರು. ಅಮ್ಮ ಅವತ್ತಿನಿಂದ ಡಾಕ್ಟ್ರ ಪಾರ್ಟಿ. ನನಗೂ ಒಂದು ಕೆಲಸ ಇತ್ತು. ದಿನಾ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್ ಮಾಡಿ ಅವನ ಜೊತೆ ಚೆಸ್ ಆಡೋದು, ಸ್ಕೂಲಿನ ವಿಷಯ ಮಾತ್ರ ಕೇಳಬಾರದು. ಮಾವ ಅನ್ನೋನು ಒಬ್ಬನಾದರೂ ಆ ಪ್ರಶ್ನೆ ಕೇಳದೇ ಇರಲಿ ಅಂತ.

ಮಾತ್ರೆ? ಮೊದಲ ದಿನ ಬರೆಯಲಿಲ್ಲ. ಕೆಲವು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ ಸಣ್ಣ ಡೋಸಿನಲ್ಲಿ ಶುರು ಮಾಡೋಣ, ಏನು, ಯಾಕೆ, ಎಷ್ಟು ದಿನ ಅಂತ ಮೊದಲೇ ಮಾತಾಡೋಣ ಅಂದರು. ಪುಟ್ಟನಿಗೆ ಬೇಕಾಗಲಿಲ್ಲ. ಬೇಕಾಗೋ ಮಕ್ಕಳಿದ್ದಾರೆ. ತೀವ್ರ ಖಿನ್ನತೆ, ಗೀಳುಕಾಯಿಲೆ, ಎ.ಡಿ.ಎಚ್.ಡಿ. ಇರೋ ಎಷ್ಟೋ ಮಕ್ಕಳಿಗೆ ಸರಿಯಾದ ಮಾತ್ರೆಯೇ ಮತ್ತೆ ಓದಿಗೆ, ಆಟಕ್ಕೆ ದಾರಿ ಮಾಡಿಕೊಡುತ್ತೆ. ‘ನಮ್ಮ ಹುಡುಗ ಮಾತ್ರೆ ಇಲ್ಲದೆ ಸರಿ ಹೋದ’ ಅನ್ನೋದನ್ನ ಹೆಮ್ಮೆಯ ಮಾತು ಮಾಡಿಕೊಳ್ಳೋದು ಬೇಡ. ಕನ್ನಡಕ ಹಾಕೋ ಮಗುವಿನ ಮುಂದೆ ನಾವು ಹಾಗೆ ಮಾತಾಡಲ್ಲ ಅಲ್ವಾ?

ಇನ್ನು ನನಗೆ ಅತಿ ದೊಡ್ಡದು ಅನ್ನಿಸಿದ ಸಂಗತಿ ನಡೆದದ್ದು ಮೂರನೇ ಭೇಟಿಯಲ್ಲಿ. ಪುಟ್ಟನ ವಾರದ ಲೆಕ್ಕ ಒಪ್ಪಿಸಿ ಅಕ್ಕ ಏಳುವಾಗ ಮೇಡಂ, ‘ನೀವು ಹೇಗಿದ್ದೀರಮ್ಮ?’ ಅಂತ ಕೇಳಿದರು. ಅಕ್ಕ ‘ಚೆನ್ನಾಗಿದ್ದೀನಿ’ ಅಂತ ಹೇಳೋಕೆ ಹೋಗಿ ಅಲ್ಲೇ ಅತ್ತುಬಿಟ್ಟಳಂತೆ. ಎಂಟು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗ್ತಿತ್ತು. ಊಟ ರುಚಿಸ್ತಿರಲಿಲ್ಲ. ಅತ್ತೆಯನ್ನ ಇನ್ನೂ ಹತ್ತು ನಿಮಿಷ ಮುಂಚೆ ಆಸ್ಪತ್ರೆಗೆ ಸೇರಿಸಿದ್ದರೆ ಉಳೀತಿದ್ದರು ಅನ್ನೋ ಕೊರಗು ಬಿಟ್ಟಿರಲಿಲ್ಲ. ಮನೆಯಲ್ಲಿ ಯಾರಿಗೂ ಇದು ಕಾಯಿಲೆ ಅಂತ ಹೊಳೆದಿರಲಿಲ್ಲ, ಅಕ್ಕನಿಗೂ. ಕೆಲಸಕ್ಕೆ ಹೋಗ್ತಿದ್ದಳು, ಅಡುಗೆ ಮಾಡ್ತಿದ್ದಳು, ಹಬ್ಬಕ್ಕೆ ಹೋಳಿಗೆಯನ್ನೂ ತಟ್ಟಿದ್ದಳು. ‘ನಾನು ಮಗನ ಡಾಕ್ಟ್ರು, ನಿಮಗೆ ನಿಮ್ಮದೇ ಡಾಕ್ಟ್ರು ಬೇಕು’ ಅಂತ ಮೇಡಂ ಅವಳನ್ನ ದೊಡ್ಡವರನ್ನು ನೋಡೋ ಸಹೋದ್ಯೋಗಿಯ ಹತ್ರ ಕಳಿಸಿದರು. ಖಿನ್ನತೆಗೆ ಚಿಕಿತ್ಸೆ ಶುರುವಾಯಿತು. ರಾಜೀನಾಮೆ ಡ್ರಾಫ್ಟ್‌ನಲ್ಲೇ ಉಳಿಯಿತು.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಖಿನ್ನತೆ ಇರೋ ತಾಯಂದಿರು ಚಿಕಿತ್ಸೆಯಿಂದ ಚೇತರಿಸಿಕೊಂಡಾಗ ಅವರ ಮಕ್ಕಳ ಮಾನಸಿಕ ತೊಂದರೆಗಳೂ ಕಡಿಮೆಯಾದವು ಅಂತ ಅಮೆರಿಕದ ಒಂದು ದೊಡ್ಡ ಅಧ್ಯಯನ 2006ರಲ್ಲೇ ಹೇಳಿದೆ. ನಮ್ಮ ದೇಶದಲ್ಲಂತೂ ಮನೆಯವರನ್ನ ಚಿಕಿತ್ಸೆಗೆ ಸೇರಿಸಿಕೊಳ್ಳೋದಕ್ಕೆ ಇನ್ನೂ ಹಳೆಯ ಇತಿಹಾಸ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಟೆಂಟ್ ಹಾಕಿಸಿ, ರೋಗಿಗಳ ಜೊತೆ ಮನೆಯವರೂ ಉಳಿಯೋ ಹಾಗೆ ಮಾಡಿದ್ದರು. ಈಗ ಕಾನೂನೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಕ್ಕಳನ್ನ ದಾಖಲು ಮಾಡಿದರೆ ದೊಡ್ಡವರಿಂದ ಪ್ರತ್ಯೇಕ ಜಾಗ ಕೊಡಬೇಕು, ಮನೆಯ ಕಡೆಯವರೊಬ್ಬರು ಜೊತೆಗಿರಬೇಕು. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು. ದೈಹಿಕ ಕಾಯಿಲೆಗೆ ಇರೋ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ. ನಿಮ್ಮ ಕಂಪನಿಯ ಇನ್ಶೂರೆನ್ಸ್ ಪುಸ್ತಕದಲ್ಲಿ ಆ ಪುಟ ಒಮ್ಮೆ ಓದಿ. ಹೊರರೋಗಿಯಾಗಿ ತೋರಿಸಿಕೊಂಡ ಖರ್ಚು ನಮ್ಮ ಪಾಲಿಸಿಯಲ್ಲಿ ಬರಲಿಲ್ಲ, ನಿಮ್ಮದರಲ್ಲಿ ಇರಬಹುದು.

ಎಲ್ಲ ಸಲೀಸಾಗಿ ನಡೆಯಿತು ಅಂತಲ್ಲ. ಮನೆಯ ಒಂದು ಕೀಲಿ ತನ್ನ ಜಾಮಿಟ್ರಿ ಬಾಕ್ಸಿನಲ್ಲಿ ಇರಬೇಕು ಅಂತ ಪುಟ್ಟ ಕೇಳಿದ. ಒಂದು ತಿಂಗಳು ಮಾತ್ರ ಅಂತ ಮೇಡಂ ಒಪ್ಪಿದರು. ಕೀಲಿ ಇದ್ದರಷ್ಟೇ ಧೈರ್ಯ ಅಂತಾದರೆ ಭಯ ಹೋದ ಹಾಗಲ್ಲ, ಕೀಲಿಯ ಹಿಂದೆ ಬಚ್ಚಿಟ್ಟುಕೊಂಡ ಹಾಗೆ ಅಂತ ಅವನಿಗೇ ಅರ್ಥವಾಗೋ ಥರ ಹೇಳಿದರು. ದಸರಾ ರಜೆ ಮುಗಿದ ಸೋಮವಾರ ಎಲ್ಲ ವಾಪಸ್ ಮೊದಲಿನ ಹಾಗೆ, ಹೊಟ್ಟೆ ನೋವು, ವಾಂತಿ, ಅಳು. ‘ರಜೆ ಮುಗಿದಾಗ ಹೀಗಾಗುತ್ತೆ, ಗಾಬರಿ ಬೇಡ’ ಅಂತ ಅವರು ಮುಂಚೆಯೇ ಎಚ್ಚರಿಸಿದ್ದರಿಂದ ಭಾವ ಅವನನ್ನ ಗೇಟಿನ ತನಕ ಕರೆದುಕೊಂಡು ಹೋಗಿ ಹತ್ತು ನಿಮಿಷ ನಿಂತರು. ಮತ್ತೆ ಅಲ್ಲಿಂದಲೇ ಶುರು. ಮೇಡಂ ಬರೆದ ಪತ್ರ ಓದಿದ ಮೇಲೆ ಸ್ಕೂಲಿನವರೂ ಬದಲಾದರು. ‘ನಾಟಕ’ ಅಂದಿದ್ದ ಟೀಚರ್ರೇ ಬೆಳಗ್ಗೆ ಗೇಟಿಗೆ ಬಂದು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗ್ತಿದ್ದರು. ಡಿಸೆಂಬರ್ ಹೊತ್ತಿಗೆ ಪೂರ್ತಿ ದಿನ ಕೂರೋಕೆ ಶುರು ಮಾಡಿದ.

ನಮಗೆ ಬೆಂಗಳೂರು ಹತ್ತಿರ ಇತ್ತು, ಅನುಕೂಲ ಇತ್ತು. ಎಲ್ಲರಿಗೂ ಇರಲ್ಲ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅಂದರೆ ನಲವತ್ತು ಮಕ್ಕಳ ಒಂದು ಕ್ಲಾಸಿನಲ್ಲಿ ಸುಮಾರು ಮೂವರು. ಅಷ್ಟು ಮಕ್ಕಳಿಗೆ ಸಾಕಾಗೋ ಅಷ್ಟು ಮನೋವೈದ್ಯರು ನಮ್ಮಲ್ಲಿಲ್ಲ, ಮಕ್ಕಳ ಮನೋವೈದ್ಯರಂತೂ ಇನ್ನೂ ಕಡಿಮೆ.

ಆದರೂ ದಾರಿಗಳಿವೆ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಿಮ್ಹಾನ್ಸ್ ಮುಖ್ಯ ಕೇಂದ್ರ, ತಂತ್ರಜ್ಞಾನದ ಬೆಂಬಲ ಬೆಂಗಳೂರಿನ ಐ.ಐ.ಐ.ಟಿ.ಯದ್ದು. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ ನಡೆಸೋ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿಕೊಳ್ಳಿ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲೂ ಮನೋವೈದ್ಯ ವಿಭಾಗ ಇರುತ್ತೆ. ನಿದ್ದೆ, ಊಟ, ಆಟ, ಓದು, ಗೆಳೆತನ ಇವುಗಳಲ್ಲಿ ಬದಲಾವಣೆ ಎರಡು ವಾರ ದಾಟಿ ಮುಂದುವರಿದರೆ ಒಮ್ಮೆ ತೋರಿಸೋದು ಒಳ್ಳೇದು. ಮಗು ‘ಸಾಯಬೇಕು ಅನ್ನಿಸುತ್ತೆ’ ಅಂತ ಒಂದೇ ಸಲ ಅಂದರೂ, ತಮಾಷೆ ಅನ್ನಿಸಿದರೂ, ಎರಡು ವಾರ ಕಾಯೋದಲ್ಲ, ಅವತ್ತೇ.

ಈ ಮಾತನ್ನ ನಮ್ಮ ವಯಸ್ಸಿನವರಿಗೆ ಹೇಳೋಕೆ ಕಾರಣ ಇದೆ. ನಮ್ಮಲ್ಲಿ ತುಂಬ ಜನರಿಗೆ ಇನ್ನೂ ಮಕ್ಕಳಿಲ್ಲ. ಆದರೆ ಅಕ್ಕನ ಮಗ, ಅಣ್ಣನ ಮಗಳು, ಚಿಕ್ಕಪ್ಪನ ಮಗ ಇದ್ದಾರೆ. ಮನೆಯಲ್ಲಿ ಗೂಗಲ್ ಮಾಡೋರು, ಆನ್‌ಲೈನ್ ಬುಕಿಂಗ್ ಮಾಡೋರು, ಕ್ಯಾಬ್ ಕರೆಸೋರು ನಾವೇ. ದೊಡ್ಡವರು ಪಿಸುಗುಟ್ಟಿ ಹೇಳೋ ವಿಷಯಕ್ಕೆ ಮಾಮೂಲಿ ದನಿಯಲ್ಲಿ ‘ಸರಿ, ಶನಿವಾರ ಹೋಗೋಣ’ ಅಂತ ಹೇಳಬಲ್ಲವರೂ ನಾವೇ.

ಪುಟ್ಟ ಈಗ ಐದನೇ ಕ್ಲಾಸು. ಚೆಸ್‌ನಲ್ಲಿ ನನ್ನನ್ನ ವಾರಕ್ಕೆ ಎರಡು ಸಲವಾದರೂ ಸೋಲಿಸ್ತಾನೆ. ಕೊನೆಯ ಭೇಟಿಯಲ್ಲಿ ಮೇಡಂ ಮುಂದಿನ ತಾರೀಕು ಬರೆಯದೆ, ‘ಬೇಕು ಅನ್ನಿಸಿದ್ರೆ ಬನ್ನಿ, ಬಾಗಿಲು ತೆರೆದೇ ಇರುತ್ತೆ’ ಅಂದರು. ಹೋದ ತಿಂಗಳು ಭಾವನ ಬ್ಯಾಂಕಿನ ಸಹೋದ್ಯೋಗಿಯೊಬ್ಬರ ಮಗಳು ಹತ್ತನೇ ಕ್ಲಾಸಿನ ಮಧ್ಯೆ ಊಟ ಬಿಟ್ಟು, ಮಾತು ಬಿಟ್ಟು ರೂಮು ಸೇರಿದ್ದಾಳೆ ಅಂತ ಗೊತ್ತಾಯಿತು. ಹಾಸ್ಟೆಲ್ ಅರ್ಜಿ ತಂದಿದ್ದ ಅದೇ ಭಾವ ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆಯೇ ಡಾಕ್ಟರ ನಂಬರ್ ಬರೆದುಕೊಟ್ಟರಂತೆ.

‘ಮುಜುಗರ ಏನಿಲ್ಲ ಸಾರ್, ಮನೆಮಂದಿಯೆಲ್ಲ ಹೋಗಿ. ನಾವೂ ಹಾಗೇ ಹೋಗಿದ್ದು.’